ಫೋಟೋದಲ್ಲಿರುವ ಕೂಸು ನಮ್ಮದೇ

ಮಾನ್ಯರೇ,

ಸೋಮವಾರದ ನಿಮ್ಮ ಪತ್ರಿಕೆಯಲ್ಲಿ ನಮ್ಮ ಉಣಕಲ್ ಕಡೆಯ ಶಿಶು ತಪಾಸಣೆ ಶಿಬಿರದ ಸುದ್ದಿ ಬಂದಿದೆ. ‘ಶಿಬಿರ ಯಶಸ್ವಿ’ ಅಂತ ತಲೆಬರಹ, ಕೆಳಗೊಂದು ಫೋಟೋ. ಅದರಲ್ಲಿ ಶಾಲು ಹೊದ್ದ ಸಾಹೇಬರು ಎತ್ತಿಕೊಂಡಿರುವ ಕೂಸು ನಮ್ಮದು. ಮುಖ ಅರ್ಧ ಹೂಗುಚ್ಛದ ಹಿಂದೆ ಹೋಗಿದೆ, ಹಾಗಾಗಿ ಅದು ಗಂಟಲು ಹರಿಯುವಂತೆ ಅಳುತ್ತಿದ್ದದ್ದು ಓದುಗರಿಗೆ ಗೊತ್ತಾಗಿರಲಿಕ್ಕಿಲ್ಲ. ನಮ್ಮ ಅವ್ವ ಆ ಫೋಟೋ ಕತ್ತರಿಸಿ ಇಟ್ಟುಕೊಂಡಿದ್ದಾಳೆ, ಅದು ಬೇರೆ ಮಾತು. ಫೋಟೋ ತೆಗೆದ ಮೇಲೆ ಏನಾಯಿತು ಅನ್ನೋದು ಸುದ್ದಿಯಲ್ಲಿ ಎಲ್ಲೂ ಇಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರ ಹತ್ತಕ್ಕೆ ಬನ್ನಿ ಅಂದಿದ್ದರು. ಶನಿವಾರ ಅಂದರೆ ನನ್ನ ಅಂಗಡಿಗೆ ನಾಲ್ಕು ಗಿರಾಕಿ ಬರೋ ದಿನ. ಬಾಗಿಲು ಹಾಕಿ, ಹೆಂಡತಿ, ಅವ್ವ, ಒಂಬತ್ತು ತಿಂಗಳ ಮಗಳನ್ನು ಕರೆದುಕೊಂಡು ಐದು ನಿಮಿಷ ಮೊದಲೇ ಹೋದೆ. ಅತಿಥಿಗಳು ಬಂದದ್ದು ಮುಕ್ಕಾಲು ಹನ್ನೆರಡಕ್ಕೆ. ಆಮೇಲೆ ದೀಪ, ಸ್ವಾಗತ, ಹಾರ, ಮತ್ತೆ ಹಾರ. ತಾಯಂದಿರು ಕುಳಿತ ಕಡೆಯೇ ಆಳೆತ್ತರದ ಸ್ಪೀಕರ್ ಇಟ್ಟಿದ್ದರು. ಮೂವತ್ತು ನಲವತ್ತು ಕೂಸುಗಳು ಒಟ್ಟಿಗೆ ಚೀರುತ್ತಿದ್ದರೆ, ಶಿಶುವಿನ ಮನಸ್ಸು ಬಹಳ ಸೂಕ್ಷ್ಮ ಅಂತ ಒಬ್ಬರು ಮೈಕಿನಲ್ಲಿ ಕೂಗುತ್ತಿದ್ದರು. ಹಾಲು ಕುಡಿಸೋಕೆ ಒಂದು ಮೂಲೆ ಇಲ್ಲ. ಪೇರಿಸಿಟ್ಟ ಕುರ್ಚಿಗಳ ಹಿಂದೆ ನನ್ನ ಹೆಂಡತಿ ಕುಳಿತಳು, ಅವ್ವ ಸೆರಗು ಅಡ್ಡ ಹಿಡಿದು ನಿಂತಳು. ಕುಡಿಯೋ ನೀರಿನ ಕ್ಯಾನ್ ಖಾಲಿ. ವೇದಿಕೆ ಮೇಲೆ ಮಾತ್ರ ಬಾಟಲಿಗಳು ಸಾಲಾಗಿ ನಿಂತಿದ್ದವು.

ನಮ್ಮ ಸರದಿ ಬಂದಾಗ ಒಂದೂವರೆ. ಕೂಸಿಗೆ ನಿದ್ದೆ ಇಲ್ಲ, ಸೆಕೆ, ಸಾಹೇಬರ ಕೈಯಿಂದ ಬೇರೆ ಬಂದಿದೆ. ಮಾಸ್ಕ್ ಹಾಕಿದ ಒಬ್ಬ ಹುಡುಗಿ ಅದನ್ನು ತಾಯಿಯ ತೊಡೆಯಿಂದ ಎತ್ತಿ ಮೇಜಿನ ಮೇಲೆ ಕೂರಿಸಿದಳು. ಅದು ಮತ್ತೆ ಅತ್ತಿತು. ಹೆಸರು ಕರೆದರೆ ತಿರುಗಿ ನೋಡುತ್ತಾ ಅಂತ ಪರೀಕ್ಷೆ ಮಾಡೋಕೆ ಫಾರ್ಮಿನಲ್ಲಿದ್ದ ನಾಲ್ಕಕ್ಷರದ ಹೆಸರು ಕರೆದಳು. ಮನೆಯಲ್ಲಿ ನಾವು ಹುಟ್ಟಿದಾಗಿನಿಂದ ಪುಟ್ಟಿ ಅಂತಲೇ ಕರೆಯೋದು. ಆ ಹೆಸರು ತನ್ನದೇ ಅಂತ ಕೂಸಿಗೆ ಹೇಗೆ ಗೊತ್ತಾಗಬೇಕು? ನೋಡಲಿಲ್ಲ. ‘ಇಲ್ಲ’ ಅಂತ ಗುರುತು ಹಾಕಿದಳು. ನಗುತ್ತಾ? ಇಲ್ಲ. ಸಮಾಧಾನ ಮಾಡಿದರೆ ಸುಮ್ಮನಾಗುತ್ತಾ? ಇಲ್ಲ. ‘ಹೊಸಬರನ್ನ ಕಂಡ್ರ ಅಳ್ತೈತಿ, ಒಂಬತ್ತು ತಿಂಗಳ ಕೂಸು, ಅಳದೇ ಹಾಡು ಹೇಳ್ತೈತೇನವ್ವಾ’ ಅಂತ ನಮ್ಮ ಅವ್ವ ಅಂದದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಎರಡೇ ನಿಮಿಷ. ‘ಸಾಮಾಜಿಕ ಮತ್ತು ಭಾವನಾತ್ಮಕ ಬೆಳವಣಿಗೆ: ಸಂಶಯ’ ಅಂತ ಚೀಟಿ ಕೈಗೆ ಬಂತು. ನಮ್ಮ ಹಿಂದೆ ಇದ್ದ ಕೂಸು ಗಾಢ ನಿದ್ದೆಯಲ್ಲಿತ್ತು. ಅದಕ್ಕೆ ಎಲ್ಲದಕ್ಕೂ ‘ಹೌದು’. ನಗುತ್ತದೆ, ಹೌದು. ನಿದ್ದೆಯಲ್ಲಿ ಕೂಸುಗಳನ್ನು ನಗಿಸೋ ಶೆಟವಿ ದೇವಿ ನಗಿಸಿರಬೇಕು.

ಆ ಚೀಟಿ ಮನೆಗೆ ಬಂದ ಮೇಲೆ ಎರಡು ರಾತ್ರಿ ನನ್ನ ಹೆಂಡತಿ ಮಲಗಿಲ್ಲ. ಮೊಬೈಲಿನಲ್ಲಿ ಏನೇನೋ ನೋಡುತ್ತಾಳೆ, ಅಳುತ್ತಾಳೆ, ಮಲಗಿದ ಕೂಸನ್ನು ಪುಟ್ಟಿ ಪುಟ್ಟಿ ಅಂತ ಕರೆದು ಎಬ್ಬಿಸುತ್ತಾಳೆ. ಸೋಮವಾರ ಮತ್ತೆ ಅಂಗಡಿ ಬಂದ್. ಚಿಗರಿ ಬಸ್ ಹಿಡಿದು ಧಾರವಾಡಕ್ಕೆ ಹೋಗಿ, ಚೀಟಿಯಲ್ಲಿ ಬರೆದ ಜಾಗ ಹುಡುಕಿದರೆ, ನೋಡುವವರು ವಾರಕ್ಕೆ ಒಂದೇ ದಿನ ಬರ್ತಾರೆ, ಅದು ಇವತ್ತಲ್ಲ ಅಂದರು. ಚೀಟಿಯಲ್ಲಿ ದಿನ ಬರೆಯೋಕೆ ಎಷ್ಟು ಶಾಯಿ ಖರ್ಚಾಗುತ್ತಿತ್ತೋ. ಬಸ್ಸಿನ ತಪ್ಪಿಲ್ಲ, ಬಸ್ ಸರಿಯಾಗೇ ಬಂತು.

ಸಂಜೆ ನಮಗೆ ಗೊತ್ತಿದ್ದ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಹಾಲು ಕುಡಿಸಿ ಬನ್ನಿ ಅಂದರು. ಕೂಸನ್ನು ತಾಯಿಯ ತೊಡೆ ಮೇಲೇ ಬಿಟ್ಟು ಅರ್ಧ ಗಂಟೆ ಮಾತಾಡಿದರು, ಜಾಸ್ತಿ ಕೇಳಿದ್ದು ತಾಯಿಯನ್ನೇ. ಎಂಟು ಒಂಬತ್ತು ತಿಂಗಳಲ್ಲಿ ಹೊಸಬರನ್ನು ಕಂಡು ಅಳೋದು ತೊಂದರೆಯಲ್ಲ, ನಮ್ಮವರು ಯಾರು ಬೇರೆಯವರು ಯಾರು ಅಂತ ಕೂಸಿಗೆ ತಿಳಿದಿದೆ ಅಂತಲೇ ಅರ್ಥವಂತೆ! ಎರಡು ತಿಂಗಳ ಹೊತ್ತಿಗೆ ಮುಖ ನೋಡಿ ನಗಬೇಕು, ವರ್ಷದ ಹೊತ್ತಿಗೆ ಟಾಟಾ ಮಾಡಬೇಕು, ಒಂದೂವರೆ ವರ್ಷಕ್ಕೆ ನಾಯಿಯೋ ವಿಮಾನವೋ ಕಂಡರೆ ಬೆರಳು ಮಾಡಿ ನಮಗೂ ತೋರಿಸಬೇಕು. ಮೊದಲು ಮಾಡುತ್ತಿದ್ದದ್ದನ್ನು ಬಿಟ್ಟುಬಿಟ್ಟರಂತೂ ಕಾಯಬೇಡಿ, ತಕ್ಷಣ ಬನ್ನಿ ಅಂದರು. ಇಂಥ ತಪಾಸಣೆ ಅಂದರೆ ಜರಡಿ ಹಿಡಿದ ಹಾಗೆ, ಅದರಲ್ಲಿ ಉಳಿದದ್ದೆಲ್ಲ ಕಲ್ಲಲ್ಲ ಅಂತಲೂ ಅಂದರು. ಪುಟ್ಟಿ ಅಂತ ಅವರು ಕರೆದಾಗ ನಮ್ಮ ಮಗಳು ತಿರುಗಿ ನೋಡಿ ಅವರ ಪೆನ್ನು ಕಿತ್ತುಕೊಂಡಳು.

ನಾನು ತಪಾಸಣೆಗೆ ವಿರೋಧ ಅಲ್ಲ. ನಮ್ಮ ಓಣಿಯಲ್ಲೇ ಒಬ್ಬ ಹುಡುಗನಿಗೆ, ಗಂಡುಮಕ್ಕಳು ಮಾತು ಕಲಿಯೋದು ತಡ ಬಿಡು ಅಂತ ನಾಲ್ಕು ವರ್ಷ ಸುಮ್ನೆ ಕಾದರು. ಬೇಗ ನೋಡಬೇಕು, ಸರಿ. ಆದರೆ ನೋಡುವವರು ನೋಡಬೇಕಲ್ವಾ? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದದ್ದು 2013ರಲ್ಲಿ. ಅದರ ಪ್ರಕಾರ ವರ್ಷಕ್ಕೆ ಎರಡು ಸಲ ತಪಾಸಣೆಯ ತಂಡ ಅಂಗನವಾಡಿಗೇ ಬರಬೇಕು. ಅದಲ್ಲದೆ ಇನ್ನೊಂದು ಕಾರ್ಯಕ್ರಮದಡಿ ಆಶಾ ಕಾರ್ಯಕರ್ತೆ 3, 6, 9, 12, 15ನೇ ತಿಂಗಳಲ್ಲಿ ಮನೆಗೇ ಬಂದು ಕೂಸನ್ನು ನೋಡಬೇಕು. ನಮ್ಮ ಆಶಾ ಬಂದಿದ್ದಾರೆ, ನಮ್ಮ ಮನೆ ಚಾಪೆ ಮೇಲೆ ಕುಳಿತಿದ್ದಾರೆ, ಪುಟ್ಟಿ ಅವರ ಕೊರಳ ಸರ ಎಳೆದಾಡಿ ನಕ್ಕಿದ್ದಾಳೆ. ಅವರನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಶಿಬಿರದ ದಿನ ಅವರನ್ನು ಚಾ ಹಂಚೋಕೆ ನಿಲ್ಲಿಸಿದ್ದರು.

ಎಲ್ಲ ಕಡೆ ಇದೇ ಕತೆ. ದೊಡ್ಡ ಮಗಳ ಜನನ ಪ್ರಮಾಣಪತ್ರದಲ್ಲಿ ಒಂದು ಒತ್ತಕ್ಷರ ತಪ್ಪಿತ್ತು, ತಿದ್ದಿಸೋಕೆ ಐದು ಸಲ ಅಲೆದೆ. ಐದನೇ ಸಲ ತಿದ್ದಿಕೊಟ್ಟರು, ನನ್ನ ಹೆಸರು ತಪ್ಪು ಮಾಡಿ. ನಲ್ಲಿ ನೀರು ಯಾವ ದಿನ ಬರುತ್ತೆ ಅಂತ ಕೇಳಿದರೆ ಬಂದಾಗ ತುಂಬಿಕೊಳ್ಳಿ ಅಂತಾರೆ. ಓಣಿ ಅಗೆದು ಹೋದವರು ಮಣ್ಣು ಮುಚ್ಚೋಕೆ ಬಂದಿಲ್ಲ, ಅಲ್ಲೇ ಆಟೋ ಸಿಕ್ಕಿಕೊಂಡು ಶನಿವಾರ ನಾನೇ ಇಳಿದು ನೂಕಿದ್ದು. ಕ್ಯಾಮೆರಾ ಇದ್ದರೆ ಮಾತ್ರ ಎಲ್ಲರೂ ಹೊತ್ತಿಗೆ ಸರಿಯಾಗಿ... ಅದೂ ಇಲ್ಲ, ಮುಕ್ಕಾಲು ಹನ್ನೆರಡಕ್ಕೆ ಬಂದರು.

ಹಾಗಾಗಿ ಸಂಬಂಧಪಟ್ಟವರಲ್ಲಿ ನನ್ನ ಕೇಳಿಕೆ ಇಷ್ಟೇ. ಇಂಥ ಶಿಬಿರ ಮಾಡಲೇಬೇಡಿ. ಮಾಡೋದಾದರೆ ತಿಂಗಳಿಗೊಮ್ಮೆ ಮಾಡಿ, ಸ್ಪೀಕರ್ ಬೇಡ. ಚೀಟಿ ಕೊಟ್ಟರೆ ಯಾರು, ಎಲ್ಲಿ, ಯಾವ ದಿನ ಅಂತ ಬರೆಯಿರಿ. ಆ ಓಣಿಯ ಗುಂಡಿನೂ ಮುಚ್ಚಿಸಿ. ಸಾಹೇಬರು ಇನ್ನೊಂದು ಸಲ ಯಾರದಾದರೂ ಕೂಸನ್ನು ಎತ್ತಿಕೊಳ್ಳೋ ಮೊದಲು ಆ ಜರಿ ಶಾಲು ತೆಗೆದಿಡಲಿ. ನಮ್ಮ ಮಗಳ ಕೆನ್ನೆ ಇನ್ನೂ ಕೆಂಪಗಿದೆ.

ಒಬ್ಬ ಅಂಗಡಿಕಾರ, ಉಣಕಲ್, ಹುಬ್ಬಳ್ಳಿ