ಅಕ್ಟೋಬರ್ 12: ಡಾ. ಜೆರ್ಡನ್ ನೆನಪಿನ ಪಕ್ಷಿವೀಕ್ಷಣೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಮದ್ರಾಸ್ ಸೇನೆಯ ವೈದ್ಯರಾಗಿ 1830ರ ದಶಕದಲ್ಲಿ ಭಾರತಕ್ಕೆ ಬಂದು, ಕರ್ತವ್ಯದ ಊರುಗಳ ಸುತ್ತಲಿನ ಕಾಡು, ಬಯಲುಗಳಲ್ಲೇ ಬಿಡುವನ್ನೆಲ್ಲ ಕಳೆದ ಥಾಮಸ್ ಕ್ಯಾವರ್‌ಹಿಲ್ ಜೆರ್ಡನ್ ಅವರ ಜನ್ಮದಿನವಾದ ಅಕ್ಟೋಬರ್ 12ರಂದು, ಬೆಳಿಗ್ಗೆ 6.30ಕ್ಕೆ ನಮ್ಮ ಕೆರೆಯ ಏರಿಯ ಬಳಿ ಸೇರೋಣ.

ನೆಲ್ಲೂರಿನಲ್ಲಿದ್ದಾಗ ಅವರು ಸ್ಥಳೀಯ ಯಾನಾದಿ ಜನರ ಕಾಡಿನ ಅರಿವನ್ನು ಆಶ್ರಯಿಸಿದರು. ಮುಂದೆ 1862-64ರಲ್ಲಿ ಭಾರತದ ಹಕ್ಕಿಗಳ ಕುರಿತ ಅವರ ಗ್ರಂಥ ಪ್ರಕಟವಾಯಿತು. ಅವರ ಹೆಸರಿನ ಜೆರ್ಡನ್ಸ್ ಕೋರ್ಸರ್ ಎಂಬ ಹಕ್ಕಿ 1900ರ ನಂತರ ಕಣ್ಮರೆಯಾಗಿ, 1986ರಲ್ಲಿ ಕಡಪಾದ ಕುರುಚಲು ಕಾಡಿನಲ್ಲಿ ಮತ್ತೆ ಸಿಕ್ಕಿತು. ಆ ಸುದ್ದಿಯನ್ನು ನೆನೆದಾಗಲೆಲ್ಲ ನನಗೆ ಇಂದಿಗೂ ಮೈ ನವಿರೇಳುತ್ತದೆ. ನಮ್ಮ ಬಯಲಿನಲ್ಲಿ ಅವರದೇ ಹೆಸರಿನ ಇನ್ನೊಂದು ಹಕ್ಕಿ, ಜೆರ್ಡನ್ಸ್ ಬುಷ್‌ಲಾರ್ಕ್ ಕಾಣಬಹುದು, ಕಣ್ಣಿಟ್ಟಿರಿ.

ದುರ್ಬೀನು, ಟಿಪ್ಪಣಿ ಪುಸ್ತಕ, ಕುಡಿಯುವ ನೀರು ತನ್ನಿ. ಮಾಸಲು ಬಣ್ಣದ ಉಡುಪು ಧರಿಸಿ. ಹಕ್ಕಿಗಳನ್ನು ಸೆಳೆಯಲು ಧ್ವನಿಮುದ್ರಿಕೆ ಹಾಕುವುದು ಬೇಡ, ಗೂಡುಗಳ ಹತ್ತಿರ ಹೋಗುವುದೂ ಬೇಡ. ಎರಡು ಗಂಟೆಗಳ ನಡಿಗೆಯ ಬಳಿಕ, ಅವರ ಬದುಕಿನ ಬಗ್ಗೆ ಐದು ನಿಮಿಷ ಮಾತನಾಡಲು ಇಬ್ಬರು ಮುಂದೆ ಬರಬೇಕೆಂದು ಕೋರುತ್ತೇನೆ.

ಬರುವವರು, ಮಕ್ಕಳನ್ನು ಕರೆತರುವವರು ಸಂಖ್ಯೆಯ ಸಹಿತ ಅಕ್ಟೋಬರ್ 9ರ ರಾತ್ರಿಯೊಳಗೆ ಇಲ್ಲಿಯೇ ಉತ್ತರಿಸಿ.