ಮೂವತ್ತಮೂರು ಗುಂಡಿನ ಮ್ಯಾಗಝಿನ್: ಒಬ್ಬ ಆರ್ಮರರ್‌ನ ತಕರಾರು

ಮಾನ್ಯ ಸಂಪಾದಕರೇ,

ಅಮೆರಿಕದ ಕೆಲವು ರಾಜ್ಯಗಳು, ಗುಂಡು ತುಂಬಿಡುವ ಭಾಗವಾದ ಪಿಸ್ತೂಲಿನ ಮ್ಯಾಗಝಿನ್‌ಗೆ ಹಾಕಿರುವ ಮಿತಿಯ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಹೆಚ್ಚು ಗುಂಡು ಹಿಡಿಸುವ ಮ್ಯಾಗಝಿನ್ ಇದ್ದರೆ ಆತ್ಮರಕ್ಷಣೆಗೆ ಹೆಚ್ಚು ಭರವಸೆ ಎಂದು ಅಲ್ಲಿನ ಬಂದೂಕುಪ್ರಿಯರು ವಾದಿಸುತ್ತಾರಂತೆ. ಲೇಖಕರು ಆ ಮಾತನ್ನು ಪರೀಕ್ಷಿಸದೆ ಮುಂದೆ ಹೋಗಿದ್ದಾರೆ. ನನಗೆ ಸುಮ್ಮನಿರಲು ಆಗಲಿಲ್ಲ.

ಇಪ್ಪತ್ತೆರಡು ವರ್ಷ ಸೇನೆಯ ಇಎಂಇಯಲ್ಲಿ, ಅಂದರೆ ಯಂತ್ರ-ಆಯುಧ ದುರಸ್ತಿಯ ವಿಭಾಗದಲ್ಲಿ, ಆಯುಧ ರಿಪೇರಿ ಮಾಡುವ ಆರ್ಮರರ್ ಆಗಿದ್ದೆ. ಗುಂಡು ಹಾರಿಸಿದ್ದಕ್ಕಿಂತ ಆಯುಧವನ್ನು ಬಿಚ್ಚಿ, ಒರೆಸಿ, ಜೋಡಿಸಿದ್ದೇ ಹೆಚ್ಚು. ‘ಪಿಸ್ತೂಲು ಸಿಕ್ಕಿಹಾಕಿಕೊಳ್ಳುತ್ತದೆ’ ಎಂದು ನನ್ನ ಮೇಜಿಗೆ ಬಂದ ದೂರುಗಳಲ್ಲಿ ಬಹುಪಾಲಿನ ತಪ್ಪು ಪಿಸ್ತೂಲಿನದಾಗಿರಲಿಲ್ಲ, ಮ್ಯಾಗಝಿನ್ನದಾಗಿತ್ತು.

ಮಗಳು ಅರಿಝೋನಾದ ಫೀನಿಕ್ಸ್‌ನಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಹೋಗಿದ್ದಾಗ ಅಳಿಯ ಬಹಳ ಹೆಮ್ಮೆಯಿಂದ ತನ್ನ ಗ್ಲಾಕ್ 17 ಪಿಸ್ತೂಲಿಗೆ ತರಿಸಿದ್ದ 33 ಗುಂಡಿನ ಮ್ಯಾಗಝಿನ್ ತೋರಿಸಿದ. ಆ ಪಿಸ್ತೂಲಿಗೆ ಮಾಮೂಲಿಯಾಗಿ ಬರುವುದು 17ರದ್ದು. ಇದು ಪಿಸ್ತೂಲಿನ ಕಂಪನಿಯದಲ್ಲ, ಅಗ್ಗಕ್ಕೆ ಸಿಕ್ಕಿದ ಬೇರೊಬ್ಬರದು. ಹೆಸರು ಬೇಡ. ಊರಾಚೆಯ ಫೈರಿಂಗ್ ರೇಂಜ್‌ಗೆ ಕರೆದುಕೊಂಡು ಹೋದ. ಪ್ರವಾಸಿ ವೀಸಾದವನು ಅಲ್ಲಿ ಸಾಮಾನ್ಯವಾಗಿ ಬಂದೂಕು ಮುಟ್ಟುವಂತಿಲ್ಲವಾದ್ದರಿಂದ ಕೈಕಟ್ಟಿ ನಿಂತು ನೋಡಿದೆ.

ತುಂಬುವಾಗಲೇ ಕಷ್ಟ ಶುರುವಾಯಿತು. ಇಪ್ಪತ್ತೈದು ದಾಟಿದ ಮೇಲೆ ಹೆಬ್ಬೆರಳು ಸೋತು, ಕೊನೆಯ ಕೆಲವನ್ನು ಪ್ಲಾಸ್ಟಿಕ್ಕಿನ ಸಾಧನದಿಂದ ಒತ್ತಬೇಕಾಯಿತು. ಹಾರಿಸುತ್ತಾ ಹೋದ. ಇನ್ನೂ ಐದು ಗುಂಡು ಉಳಿದಿದ್ದಾಗ ಪಿಸ್ತೂಲಿನ ಮೇಲೆ ಹಿಂದೆಮುಂದೆ ಸರಿಯುವ ಸ್ಲೈಡ್ ಹೊಸ ಗುಂಡು ಹಿಡಿಯದೆ ಬರಿಗೈಯಲ್ಲಿ ಮುಂದೆ ಹೋಗಿ ಮುಚ್ಚಿಕೊಂಡಿತು. ಟ್ರಿಗರ್ ಎಳೆದರೆ ಟಕ್ ಎಂಬ ಸದ್ದು ಮಾತ್ರ. ಮೂರು ಸಲ ತುಂಬಿದ, ಎರಡು ಸಲ ಹೀಗೇ ಆಯಿತು. 17ರದ್ದನ್ನು ಹಾಕಿದರೆ ಒಂದೂ ತಕರಾರಿಲ್ಲ.

ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಖಾಲಿ ಮ್ಯಾಗಝಿನ್ ಬಿಚ್ಚಿದೆ. ಮಗಳು ಗೊಣಗಿದಳು, ಅದು ಬೇರೆ ವಿಷಯ. ಸ್ಪ್ರಿಂಗಿನ ನಡುವೆ ಒಂದು ಸುತ್ತು ಪಕ್ಕಕ್ಕೆ ವಾಲಿ ಗೋಡೆಯನ್ನು ಉಜ್ಜಿದ ಗುರುತು. ಗುಂಡನ್ನು ಹೊತ್ತು ಮೇಲೇರುವ ಪ್ಲಾಟ್‌ಫಾರ್ಮಿನ ಹಿಂಬದಿಯೂ ಒಂದೇ ಕಡೆ ಸವೆದಿತ್ತು. ನೇರವಾಗಿ ಏರಬೇಕಾದದ್ದು ಓರೆಯಾಗಿ ಏರುತ್ತಿತ್ತು.

ಮ್ಯಾಗಝಿನ್ ಬರೀ ಡಬ್ಬಿಯಾಗಿದ್ದರೆ ಉದ್ದ ಮಾಡಲು ಅಡ್ಡಿಯೇನೂ ಇರಲಿಲ್ಲ. ಸ್ಲೈಡ್ ಹಿಂದೆ ಹೋಗಿ ಮುಂದೆ ಬರುವ ಕಣ್ಣೆವೆಯಷ್ಟು ಹೊತ್ತಿನಲ್ಲಿ ಅದರ ಸ್ಪ್ರಿಂಗ್ ಉಳಿದ ಅಷ್ಟೂ ಗುಂಡುಗಳನ್ನು ಒಂದು ಮೆಟ್ಟಿಲು ಮೇಲೆತ್ತಬೇಕು. ಒಂದು 9 ಎಂಎಂ ಗುಂಡು ಸುಮಾರು 12 ಗ್ರಾಂ ಎಂದಿಟ್ಟುಕೊಂಡರೆ 33ಕ್ಕೆ ಹತ್ತಿರ ಹತ್ತಿರ 400 ಗ್ರಾಂ. ಆ ಭಾರ ಎತ್ತುವಷ್ಟು ಬಿಗಿ ಇಟ್ಟರೆ ತುಂಬಿದಾಗ ಮೇಲಿನ ಗುಂಡು ಮ್ಯಾಗಝಿನ್ ಬಾಯಿಯ ತುಟಿಗೆ ಒತ್ತಿಕೊಂಡು ಜಾರುವುದಿಲ್ಲ. ಸಡಿಲ ಬಿಟ್ಟರೆ ಕೊನೆಯ ನಾಲ್ಕೈದು ಗುಂಡು ಹೊತ್ತಿಗೆ ಸರಿಯಾಗಿ ಮೇಲೆ ಬರುವುದಿಲ್ಲ. ಉದ್ದ ಹೆಚ್ಚಿದಷ್ಟೂ ಈ ಎರಡು ತುದಿಗಳನ್ನು ಸರಿದೂಗಿಸುವುದು ಕಷ್ಟ. ಸಾಲದ್ದಕ್ಕೆ ಇಂಥ ಪಿಸ್ತೂಲುಗಳಲ್ಲಿ ಎರಡು ಸಾಲಿನ ಗುಂಡು ಕತ್ತಿನ ಹತ್ತಿರ ಒಂದೇ ಸಾಲಾಗಬೇಕು. ಜಾತ್ರೆಯ ಜನ ಒಂದೇ ಬಾಗಿಲಿಗೆ ನುಗ್ಗಿದ ಹಾಗೆ.

ಎರಡನೇ ಮಹಾಯುದ್ಧದ ಬ್ರಿಟಿಷರ ಚಿಕ್ಕ ಮಷೀನ್ ಗನ್ ಆದ ಸ್ಟೆನ್ ಗನ್ನಿಗೆ ಈ ಕಾಯಿಲೆ ಇತ್ತು. ಅದರ ಮ್ಯಾಗಝಿನ್ 32 ಗುಂಡಿನದು. ಅನುಭವಸ್ಥರು ಎರಡೋ ನಾಲ್ಕೋ ಕಡಿಮೆಯೇ ತುಂಬುತ್ತಿದ್ದರು. ಅದರ ನಂತರ ಬಂದ ಸ್ಟರ್ಲಿಂಗ್, ಅಂದರೆ ಕಾನ್ಪುರದಲ್ಲಿ ತಯಾರಾಗಿ ನಮ್ಮ ಸೇನೆಗೆ ಬಂದ 9 ಎಂಎಂ 1ಎ1 ಕಾರ್ಬೈನ್, 34 ಗುಂಡಿನದಾದರೂ ಬಹಳ ನಂಬಿಕಸ್ತ ಮ್ಯಾಗಝಿನ್ ಹೊಂದಿತ್ತು. ಬಾಗಿದ ಆಕಾರ, ಪ್ಲಾಟ್‌ಫಾರ್ಮಿನ ಬದಲಿಗೆ ಎರಡು ಉರುಳೆ, ಗುಂಡು ಎಡಕ್ಕೊಂದು ಬಲಕ್ಕೊಂದು ಹೊರಬರುವ ಏರ್ಪಾಡು. ಧೂಳು ಹೊಕ್ಕರೂ ಉರುಳೆ ತಿರುಗುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದಾಗೆಲ್ಲ, ಇದನ್ನು ಮಾಡಿದವನು ಒಳ್ಳೆಯ ಕಮ್ಮಾರ ಎಂದುಕೊಳ್ಳುತ್ತಿದ್ದೆ. ಆದರೆ ಅಷ್ಟೆಲ್ಲ ಏರ್ಪಾಡಿಗೆ ಪಿಸ್ತೂಲಿನ ಹಿಡಿಯೊಳಗೆ ಜಾಗವಿಲ್ಲ. ನಮ್ಮ ಸೇನೆಯ 9 ಎಂಎಂ ಪಿಸ್ತೂಲಿಗೆ 13 ಗುಂಡು ಸಾಕು ಎಂದು ತೀರ್ಮಾನಿಸಿದವರು ಜಿಪುಣರೇನಲ್ಲ.

ಗ್ಲಾಕ್ ಕಂಪನಿಯದೇ 33 ಗುಂಡಿನ ಮ್ಯಾಗಝಿನ್ ಚೆನ್ನಾಗಿ ಕೆಲಸ ಮಾಡುತ್ತದೆಂದು ಅಳಿಯನ ಗೆಳೆಯರು ಹೇಳಿದರು. ಇರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೂ ಹಿಡಿಯ ಕೆಳಗೆ ಇನ್ನೊಂದು ಹಿಡಿಯಷ್ಟು ನೇತಾಡುವ ಆ ಬಾಲವನ್ನು ಅಂಗಿಯೊಳಗೆ ಇಡಲಾಗದು, ಮಲಗಿ ಗುರಿಯಿಟ್ಟರೆ ನೆಲಕ್ಕೆ ತಾಗುತ್ತದೆ. ರೇಂಜಿನಲ್ಲಿ ತಮಾಷೆಗೆ ಸರಿ.

ಮನೆ ಕಾಯುವವನಿಗೆ ಇಷ್ಟು ಕಡಿಮೆ ಉಪಯೋಗಕ್ಕೆ ಬರುವ ವಸ್ತು ಯಾರಿಗೆ ಬೇಕು? ಅದೇ ಅರಿಝೋನಾದ ಟೂಸಾನ್‌ನಲ್ಲಿ 2011ರ ಜನವರಿ 8ರಂದು ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಜನರನ್ನು ಭೇಟಿಯಾಗುತ್ತಿದ್ದಾಗ ಗುಂಡು ಹಾರಿಸಿದವನ ಗ್ಲಾಕ್ 19ರಲ್ಲಿ ಇದ್ದುದು 33 ಗುಂಡಿನ ಮ್ಯಾಗಝಿನ್. ಒಂಬತ್ತು ವರ್ಷದ ಹುಡುಗಿಯೂ ಸೇರಿ ಆರು ಜನ ಸತ್ತರು. ಅವನು ಮ್ಯಾಗಝಿನ್ ಬದಲಾಯಿಸಲು ಹೋದಾಗ ಅಲ್ಲಿದ್ದವರು ಕೆಡವಿ ಹಿಡಿದರು. ಹೊಸ ಮ್ಯಾಗಝಿನ್ ಅವನ ಕೈಗೆ ದಕ್ಕದಂತೆ ಮಾಡಿದವರು ಒಬ್ಬ ಹೆಂಗಸು. ಆ ಬದಲಾವಣೆ ಹತ್ತನೆಯ ಗುಂಡಿಗೇ ಬಂದಿದ್ದರೆ? ಹತ್ತಕ್ಕೆ ಮಿತಿ ಹಾಕಿದ್ದ ದೇಶವ್ಯಾಪಿ ಕಾನೂನು 1994ರಲ್ಲಿ ಬಂದು 2004ರಲ್ಲೇ ಮುಗಿದುಹೋಗಿತ್ತು. ನಮ್ಮ ಕೊಡಗಿನಲ್ಲಿ ಕೈಲ್ ಮುಹೂರ್ತದಂದು ಪೂಜೆ ಮಾಡುವ ನನ್ನ ಅಜ್ಜನ ಕೋವಿಗೆ ಒಂದು ಸಲಕ್ಕೆ ಒಂದೇ ತೋಟೆ. ಅದನ್ನು ಹಿಡಿದು ತೋಟ ಕಾಯ್ದವರು ಯಾರೂ ಮೂವತ್ತಮೂರು ಬೇಕೆಂದದ್ದನ್ನು ನಾನು ಕೇಳಿಲ್ಲ.

ಕೊನೆಗೊಂದು ತಿದ್ದುಪಡಿ. ಲೇಖನದ ಚಿತ್ರದ ಕೆಳಗೆ ‘ಕ್ಲಿಪ್’ ಎಂದು ಅಚ್ಚಾಗಿದೆ. ಕ್ಲಿಪ್ ಎಂದರೆ ಗುಂಡುಗಳನ್ನು ಸಾಲಾಗಿ ಕಚ್ಚಿ ಹಿಡಿಯುವ ತಗಡಿನ ಪಟ್ಟಿ. ಹಳೆಯ .303 ರೈಫಲ್‌ಗೆ ಅದರಿಂದಲೇ ಐದೈದು ಗುಂಡು ತುಂಬುತ್ತಿದ್ದರು. ಗುಂಡನ್ನು ಮೇಲೆತ್ತುವ ಸ್ಪ್ರಿಂಗ್ ಅದರಲ್ಲಿಲ್ಲ. ಚಿತ್ರದಲ್ಲಿರುವುದು ಮ್ಯಾಗಝಿನ್.

– ನಿವೃತ್ತ ಹವಾಲ್ದಾರ್, ಪೊನ್ನಂಪೇಟೆ