ಬಿಟ್ಟು ಬಿಟ್ಟು ಕೈಕೊಡುವ ಗಾಡಿ: ಪರೀಕ್ಷೆ ಮಾಡದೆ ಪಾರ್ಟ್ಸ್ ಬದಲಾಯಿಸಿದ ಬಗ್ಗೆ ದೂರು

ಗೆ,
ಸರ್ವಿಸ್ ಮ್ಯಾನೇಜರ್ ಅವರಿಗೆ

ವಿಷಯ: ನಮ್ಮ ಹಳೆಯ ಕಾರಿನ ಎಲೆಕ್ಟ್ರಿಕಲ್ ತೊಂದರೆ, ಬೇಡದ ರಿಪೇರಿ ಮತ್ತು ಇಡೀ ವೈರಿಂಗ್ ಬದಲಾಯಿಸುವ ಎಸ್ಟಿಮೇಟ್ ಕುರಿತು

ಮಾನ್ಯರೇ,

ನಮ್ಮ ಮನೆಯ ಕಾರು ಒಂದೇ ತೊಂದರೆಗೆ ನಿಮ್ಮಲ್ಲಿಗೆ ಪದೇ ಪದೇ ಬಂದಿದೆ. ಪ್ರತಿ ಸಲವೂ ಏನಾದರೊಂದು ಹೊಸದು ಹಾಕಿಸಿಕೊಂಡು, ಅದೇ ತೊಂದರೆಯ ಜೊತೆ ಮನೆಗೆ ಮರಳಿದೆ. ಮೊದಲು ಬ್ಯಾಟರಿ ಬದಲಾಯಿಸಿದಿರಿ. ಆಮೇಲೆ, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್. ಈಗ ಇಡೀ ವೈರಿಂಗ್ ಬದಲಾಯಿಸಬೇಕು ಅಂತ ಎಸ್ಟಿಮೇಟ್ ಕೊಟ್ಟಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಕೌಂಟರ್‌ನಲ್ಲಿ ಬಾಯಲ್ಲಿ ಹೇಳಿದ್ದು ಜಾಬ್ ಕಾರ್ಡಿಗೆ ಇಳಿಯುವಷ್ಟರಲ್ಲಿ ಎರಡೇ ಪದ ಆಗಿಬಿಡುತ್ತದೆ.

ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ದೂರ ಓಡಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ ಮತ್ತೆ ಕೀ ತಿರುಗಿಸಿದರೆ ಕೆಲವು ಸಲ ಬರೀ ‘ಟಕ್’ ಅನ್ನುತ್ತದೆ, ಅಷ್ಟೇ. ಬಾನೆಟ್ ಎತ್ತಿಟ್ಟು ಕಾದರೆ, ಏನೂ ಆಗೇ ಇಲ್ಲ ಅನ್ನುವ ಹಾಗೆ ಮತ್ತೆ ಸ್ಟಾರ್ಟ್ ಆಗುತ್ತದೆ. ದಿನಾ ಹೀಗಾಗುವುದಿಲ್ಲ. ವಾರಗಟ್ಟಲೆ ಸುಮ್ಮನಿದ್ದು, ಮಗಳನ್ನು ಪರೀಕ್ಷೆಗೆ ಬಿಡಲು ಹೋಗುವಾಗ ಪೆಟ್ರೋಲ್ ಬಂಕಿನಲ್ಲಿ ಕೈಕೊಡುತ್ತದೆ. ಹಿಂದೆ ನಿಂತ ಗಾಡಿಗಳ ಹಾರ್ನ್ ಕೇಳಿಸಿಕೊಂಡು ತಳ್ಳಿದವರಿಗೇ ಗೊತ್ತು ಅದರ ಸುಖ.

ಓಡುವಾಗಲೂ ಒಂದು ಲಕ್ಷಣವಿದೆ. ಇದನ್ನೇ ನಾನು ನಿಮ್ಮ ಅಡ್ವೈಸರ್‌ಗೆ ಒತ್ತಿ ಒತ್ತಿ ಹೇಳಿದ್ದು. ರಾತ್ರಿ ಹೆಡ್‌ಲೈಟ್, ಎಸಿ, ಹಿಂದಿನ ಗಾಜಿನ ಹೀಟರ್ ಒಟ್ಟಿಗೆ ಹಾಕಿದರೆ ಮೀಟರ್ ಬೋರ್ಡ್ ಮಂಕಾಗುತ್ತದೆ. ಬ್ರೇಕಿನ ಎಬಿಎಸ್ ದೀಪ ಹೊತ್ತಿ ಆರುತ್ತದೆ. ಅದಕ್ಕಿಂತ ವಿಚಿತ್ರ ಅಂದರೆ, ಹೆಡ್‌ಲೈಟ್ ಹಾಕಿದ ತಕ್ಷಣ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇಳುತ್ತದೆ. ಆರಿಸಿದರೆ ಕೂಡಲೇ ಇಳಿಯುತ್ತದೆ. ಮತ್ತೆ ಹಾಕಿದರೆ ಮತ್ತೆ ಏರುತ್ತದೆ. ರೇಡಿಯೇಟರ್ ನೀರು ಅಷ್ಟು ಬೇಗ ಕಾದು ಅಷ್ಟು ಬೇಗ ತಣಿಯುವುದಿಲ್ಲ, ಅಲ್ವಾ? ನಮ್ಮ ಗಾಡಿಯಲ್ಲಿ ಆ ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರ್‌ಗೆ ಇರುವುದು ಒಂದೇ ವೈರು. ಅದಕ್ಕೆ ಅರ್ಥ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಸಿಗುವುದು ಎಂಜಿನ್ ಮೈಯಿಂದಲೇ. ಹೆಡ್‌ಲೈಟಿಗೆ ಅರ್ಥ್ ಸಿಗುವುದು ಬಾಡಿಯಿಂದ. ಒಂದನ್ನು ಹಾಕಿದರೆ ಇನ್ನೊಂದು ಕದಲುತ್ತದೆ ಅಂದರೆ ಎಂಜಿನ್‌ಗೂ ಬಾಡಿಗೂ ನಡುವಿನ ಅರ್ಥ್ ದಾರಿಯಲ್ಲಿ ಏನೋ ಸರಿಯಿಲ್ಲ. ಮುಳ್ಳು ತಾನಾಗಿಯೇ ಜಾಗ ತೋರಿಸುತ್ತಿತ್ತು. ನೋಡುವವರು ಬೇಕಿತ್ತು.

ಜಾಬ್ ಕಾರ್ಡಿನಲ್ಲಿ ಇದ್ದದ್ದು ‘ಸ್ಟಾರ್ಟಿಂಗ್ ಪ್ರಾಬ್ಲಂ’ ಅಂತ. ಬಿಸಿಯಾದ ಮೇಲೆ ಅನ್ನುವುದಿಲ್ಲ, ಹೆಡ್‌ಲೈಟ್ ಇಲ್ಲ, ಮುಳ್ಳು ಇಲ್ಲ. ಒಳಗಿನ ಮೆಕ್ಯಾನಿಕ್‌ಗೆ ಸಿಕ್ಕಿದ್ದು ಆ ಚೀಟಿ ಮಾತ್ರ. ರಾತ್ರಿಯಿಡೀ ನಿಂತು ತಣ್ಣಗಾಗಿದ್ದ ಗಾಡಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡಿ ನೋಡಿ ‘ತೊಂದರೆ ಕಾಣಲಿಲ್ಲ’ ಅಂತ ಬರೆದರು. ತಣ್ಣಗಿದ್ದಾಗ ಕಾಣಿಸುವುದಿಲ್ಲ ಅಂತಲೇ ನಾನು ಹೇಳಿದ್ದು!

ಬ್ಯಾಟರಿ ವಿಷಯಕ್ಕೆ ಬರುತ್ತೇನೆ. ‘ಬ್ಯಾಟರಿ ವೀಕ್’ ಅಂದಿರಿ. ಯಾವ ರೀಡಿಂಗ್ ನೋಡಿ ಹಾಗಂದಿರಿ ಅಂತ ಕೇಳಿದೆ, ಉತ್ತರ ಬರಲಿಲ್ಲ. ನಿಮ್ಮಲ್ಲಿಗೆ ತರುವ ದಿನ ಬೆಳಗ್ಗೆ ನಾನು ಮಲ್ಟಿಮೀಟರ್ ಇಟ್ಟು ನೋಡಿದ್ದೆ. ರಾತ್ರಿಯೆಲ್ಲ ಸುಮ್ಮನೆ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿತು. ಫುಲ್ ಚಾರ್ಜ್ ಆದ ಬ್ಯಾಟರಿ ತೋರಿಸುವುದೇ ಅಷ್ಟು. ಅಷ್ಟರಿಂದಲೇ ಅದು ಗಟ್ಟಿ ಅಂತ ಹೇಳಲು ಬರುವುದಿಲ್ಲ, ನಿಜ. ಲೋಡ್ ಕೊಟ್ಟು ನೋಡಬೇಕು. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬೀಳುತ್ತದಾ ಅಂತ ನೋಡಲು ಒಂದು ನಿಮಿಷವೂ ಬೇಡ. ಹಾಗೆ ನೋಡಿದ ಗುರುತು ನಿಮ್ಮ ಕಾಗದದಲ್ಲಿ ಎಲ್ಲೂ ಇಲ್ಲ. ಹಳೇ ಬ್ಯಾಟರಿಯನ್ನೂ ನನಗೆ ವಾಪಸ್ ಕೊಡಲಿಲ್ಲ. ಇನ್ನೊಂದು ಮಾತು: ಹೊಸ ಬ್ಯಾಟರಿ ಹಾಕಿ ಕಳಿಸಿದಾಗ ನೆಗೆಟಿವ್ ಟರ್ಮಿನಲ್ಲಿನ ಕ್ಲ್ಯಾಂಪ್ ಕೈಯಲ್ಲಿ ತಿರುಗಿಸಿದರೆ ತಿರುಗುತ್ತಿತ್ತು. ಲೂಸ್ ಕಾಂಟ್ಯಾಕ್ಟ್ ಹುಡುಕಿಕೊಡಿ ಅಂತ ಬಂದವನಿಗೆ ಇನ್ನೊಂದು ಲೂಸ್ ಕಾಂಟ್ಯಾಕ್ಟ್ ಕೊಟ್ಟು ಕಳಿಸಿದಿರಿ.

ಆಲ್ಟರ್ನೇಟರ್ ಕಥೆಯೂ ಇದೇ. ಅದನ್ನು ಬದಲಾಯಿಸುವ ಮೊದಲು, ಎಂಜಿನ್ ಓಡುವಾಗ ಆಲ್ಟರ್ನೇಟರಿನ ಔಟ್‌ಪುಟ್ ಬೋಲ್ಟಿಗೂ ಅದರ ಮೈಗೂ ನಡುವೆ 14.2 ವೋಲ್ಟ್ ಇತ್ತು. ಬದಲಾಯಿಸಿದ ಮೇಲೂ 14.2. ಸಾಮಾನ್ಯವಾಗಿ 13.8ರಿಂದ 14.5ರ ಒಳಗಿದ್ದರೆ ಚಾರ್ಜಿಂಗ್ ಸರಿಯಿದೆ ಅಂತಲೇ ಲೆಕ್ಕ. ಒಳಗಿನ ಡಯೋಡ್ ಹೋಗಿರಬಹುದು ಅನ್ನುವ ಅನುಮಾನ ಇದ್ದಿದ್ದರೆ ಮೀಟರನ್ನು ಎಸಿ (ಪರ್ಯಾಯ ವಿದ್ಯುತ್) ವೋಲ್ಟ್‌ಗೆ ತಿರುಗಿಸಿ ನೋಡಬಹುದಿತ್ತು. ಅದೂ ಬರೆದಿಲ್ಲ.

ಇದಕ್ಕಿಂತ ಜಾಸ್ತಿ ಬೇಸರ ತಂದದ್ದು ಸ್ಕ್ಯಾನರ್ ವಿಷಯ. ಗಾಡಿ ನಿಮ್ಮ ಕೈಗೆ ಕೊಡುವ ಮೊದಲು ಗಾಡಿಯ ಕಂಪ್ಯೂಟರ್ ಉಳಿಸಿಟ್ಟ ತೊಂದರೆಯ ಕೋಡ್‌ಗಳನ್ನು ನನ್ನ ಸಣ್ಣ ಕೋಡ್ ರೀಡರ್‌ನಲ್ಲಿ ನೋಡಿ ಬರೆದುಕೊಂಡಿದ್ದೆ: ವೋಲ್ಟೇಜ್ ಕಡಿಮೆ ಅನ್ನುವ ಪಿ0562, ಎಬಿಎಸ್ ಜೊತೆ ಸಂಪರ್ಕ ತಪ್ಪಿದೆ ಅನ್ನುವ ಯು0121. ಆ ಚೀಟಿಯ ಫೋಟೋ ಕೂಡ ನಿಮ್ಮ ಅಡ್ವೈಸರ್‌ಗೆ ಕಳಿಸಿದ್ದೆ. ನಿಮ್ಮಲ್ಲಿ ಕೋಡ್ ಅಳಿಸಿ, ‘ಈಗ ಏನೂ ತೋರಿಸುತ್ತಿಲ್ಲ, ಸರಿಯಾಗಿದೆ’ ಅಂದರು. ಅಳಿಸಿದ ಮೇಲೆ ತೋರಿಸುವುದಾದರೂ ಹೇಗೆ? ಕೋಡ್ ಬಿದ್ದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ವೇಗದಲ್ಲಿ ತಿರುಗುತ್ತಿತ್ತು ಅನ್ನುವ ಮಾಹಿತಿಯನ್ನು ಕಂಪ್ಯೂಟರ್ ಅದರ ಜೊತೆಗೇ ಉಳಿಸಿಟ್ಟಿರುತ್ತದೆ. ಬಿಟ್ಟು ಬಿಟ್ಟು ಬರುವ ತೊಂದರೆಗೆ ಇದ್ದ ಒಂದೇ ಸಾಕ್ಷಿ ಅದು. ಕೋಡ್ ಅಳಿಸಿದಾಗ ಅದೂ ಹೋಯಿತು. ಅಳಿಸುವ ಮೊದಲು ಒಂದು ಪ್ರಿಂಟ್ ತೆಗೆದಿಡಬಾರದಿತ್ತಾ?

ಕೊನೆಗೆ ನಾನೇ ಕಾದು ಕೂತೆ. ಗಾಡಿ ಕೈಕೊಟ್ಟ ದಿನ ಮಲ್ಟಿಮೀಟರ್ ಜೊತೆಗಿತ್ತು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಬೋಲ್ಟ್ ಮೇಲೆ. ಹೆಂಡತಿ ಕೀ ತಿರುಗಿಸಿದರು. ‘ಟಕ್’ ಅಂದಿತು, ಮೀಟರ್ 3 ವೋಲ್ಟ್ ದಾಟಿತು. ಇವೆರಡೂ ಅರ್ಥ್ ಜಾಗಗಳೇ. ಸೆಲ್ಫ್ ಹೊಡೆಯುವಾಗಲೂ ನಡುವೆ 0.2 ವೋಲ್ಟಿಗಿಂತ ಜಾಸ್ತಿ ಇರಬಾರದು. ಅದೇ ಹೊತ್ತಿಗೆ ಬ್ಯಾಟರಿಯ ಎರಡು ಕಂಬಗಳ ನಡುವೆ 11 ವೋಲ್ಟಿಗಿಂತ ಮೇಲೇ ಇತ್ತು, ಅಂದರೆ ಬ್ಯಾಟರಿ ಸೋತಿರಲಿಲ್ಲ. ಆಮೇಲೆ ಬೂಸ್ಟರ್ ಕೇಬಲ್ ತೆಗೆದು ಬ್ಯಾಟರಿ ನೆಗೆಟಿವ್‌ನಿಂದ ನೇರ ಎಂಜಿನ್‌ಗೆ ಕೊಟ್ಟೆವು. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ಕೇಬಲ್ ಹಾಗೇ ಇಟ್ಟು ಹೆಡ್‌ಲೈಟ್ ಹಾಕಿದೆ. ಮುಳ್ಳು ಅಲುಗಾಡಲಿಲ್ಲ.

ತಪ್ಪಿರುವುದು ಎಂಜಿನ್‌ನಿಂದ ಬಾಡಿಗೆ ಹೋಗುವ ಹೆಣೆದ ತಾಮ್ರದ ಅರ್ಥ್ ಪಟ್ಟಿಯಲ್ಲಿ. ಬಾಡಿ ಕಡೆಯ ಬೋಲ್ಟಿನ ಕೆಳಗೆ ಹಸಿರು ಪುಡಿ ಕಟ್ಟಿದೆ. ಎಂಜಿನ್ ಕಡೆ, ಬೋಲ್ಟ್ ಹಾಕುವ ತುದಿಯ (ಲಗ್) ಹತ್ತಿರ, ಅರ್ಧಕ್ಕಿಂತ ಜಾಸ್ತಿ ಎಳೆಗಳು ಹರಿದಿವೆ. ಮೇಲಿನಿಂದ ನೋಡಿದರೆ ಕಾಣುವುದಿಲ್ಲ, ಬೆರಳಲ್ಲಿ ಮಡಚಿದರೆ ಕಾಣುತ್ತದೆ.

ಈ ಫೋಟೋ, ರೀಡಿಂಗ್ ಎಲ್ಲ ತಂದು ತೋರಿಸಿದಾಗ ನಿಮ್ಮ ಫ್ಲೋರ್ ಇನ್‌ಚಾರ್ಜ್ ಮೀಟರನ್ನು ಕಂಟಿನ್ಯುಟಿಗೆ (ದಾರಿ ಕೂಡಿದ್ದರೆ ಬೀಪ್ ಕೊಡುವ ಕಡೆಗೆ) ಇಟ್ಟು, ಪಟ್ಟಿಯ ಎರಡು ತುದಿ ಮುಟ್ಟಿಸಿ, ‘ಬೀಪ್ ಬರುತ್ತಿದೆ, ಪಟ್ಟಿ ಸರಿಯಿದೆ’ ಅಂದರು. ಒಂದೇ ಎಳೆ ಉಳಿದ ಹಗ್ಗವೂ ಗೂಟಕ್ಕೆ ನೇತುಹಾಕಿದಾಗ ಹಗ್ಗದ ಹಾಗೆಯೇ ಕಾಣುತ್ತದೆ, ಬಾವಿಯಿಂದ ಕೊಡ ಎತ್ತುವಾಗ ಗೊತ್ತಾಗುತ್ತದೆ. ಮೀಟರ್ ಕಂಟಿನ್ಯುಟಿಗೆ ಹರಿಸುವ ಕರೆಂಟ್ ಒಂದು ಮಿಲಿ ಆಂಪಿಯರ್ ಆಸುಪಾಸು. ಸೆಲ್ಫ್ ಮೋಟಾರ್ ಎಳೆಯುವುದು 150 ಆಂಪಿಯರ್ ಅಂತಿಟ್ಟುಕೊಳ್ಳಿ. ದಾರಿಯಲ್ಲಿ 0.02 ಓಮ್ ತಡೆ ಇದ್ದರೂ ಅಲ್ಲೇ 3 ವೋಲ್ಟ್ ಮಾಯ. ಆ 0.02 ಓಮ್ ಸಾದಾ ಮೀಟರಿಗೆ ಕಾಣುವುದೇ ಇಲ್ಲ, ಮೀಟರಿನ ವೈರುಗಳಲ್ಲೇ ಅದಕ್ಕಿಂತ ಜಾಸ್ತಿ ತಡೆ ಇರುತ್ತದೆ. ಹಾಗಾಗಿ ಲೋಡ್ ಇರುವಾಗ ವೋಲ್ಟೇಜ್ ಡ್ರಾಪ್ ನೋಡಬೇಕೇ ಹೊರತು ಬೀಪ್ ಕೇಳಿ ತೀರ್ಮಾನ ಮಾಡುವ ಹಾಗಿಲ್ಲ. ಬಿಸಿಯಾದಾಗಲೇ ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಪಟ್ಟಿ ಹಾದುಹೋಗುವುದು ಸೈಲೆನ್ಸರ್ ಪೈಪಿನ ಪಕ್ಕದಲ್ಲಿ. ಬಿಸಿಗೆ ಆ ಕೆಟ್ಟ ಜಾಯಿಂಟ್ ಇನ್ನಷ್ಟು ಸಡಿಲವಾಗುತ್ತದೆ, ತಣಿದರೆ ಮತ್ತೆ ಕೂತುಕೊಳ್ಳುತ್ತದೆ.

ಮೆಕ್ಯಾನಿಕ್ ಹುಡುಗನ ಮೇಲೆ ನನ್ನ ದೂರಿಲ್ಲ. ಅವನು ‘ಬಿಸಿ ಮಾಡಿ ಒಂದು ರೌಂಡ್ ನೋಡೋಣವಾ ಸಾರ್’ ಅಂತ ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಟೈಮಿಲ್ಲ, ಡೆಲಿವರಿ ಇದೆ ಅಂತ ತಡೆದವರು ಮೇಲಿನವರು. ಇಂಥ ತೊಂದರೆ ಹಿಡಿಯುವುದು ಸುಲಭವಲ್ಲ. ಸಿಗಲಿಲ್ಲ ಅಂದಿದ್ದರೆ ನಾನು ಸುಮ್ನೆ ಬೇರೆ ಕಡೆ ಹೋಗುತ್ತಿದ್ದೆ. ಹುಡುಕದೆ ಬದಲಾಯಿಸಿ ದುಡ್ಡು ತೆಗೆದುಕೊಂಡಿದ್ದಕ್ಕೆ ಈ ಪತ್ರ.

‘ಹಳೇ ಗಾಡಿ ಸಾರ್, ಹೀಗೆಲ್ಲ ಇದ್ದದ್ದೇ’ ಅನ್ನುವ ಮಾತನ್ನಂತೂ ದಯವಿಟ್ಟು ಇನ್ನು ಹೇಳಬೇಡಿ. ಹಳೇ ಗಾಡಿಯಲ್ಲಿ ಅರ್ಥ್ ಜಾಯಿಂಟ್ ತುಕ್ಕು ಹಿಡಿಯುತ್ತದೆ ಅಂತ ಗೊತ್ತಿದ್ದರೆ ಮೊದಲು ನೋಡಬೇಕಾದದ್ದೇ ಅದನ್ನು. ಇನ್ನು ಆ ವೈರಿಂಗ್ ಎಸ್ಟಿಮೇಟ್. ಒಂದೊಂದು ಸಾಲೂ ಓದಿದೆ. ಅರ್ಥ್ ಪಟ್ಟಿ ವೈರಿಂಗ್ ಸೆಟ್ಟಿನ ಜೊತೆ ಬರುವುದಿಲ್ಲ, ಅದು ಬೇರೆಯೇ ಪಾರ್ಟು, ನಿಮ್ಮ ಎಸ್ಟಿಮೇಟಿನಲ್ಲಿ ಅದರ ಹೆಸರೇ ಇಲ್ಲ. ಅಂದರೆ ಡ್ಯಾಶ್‌ಬೋರ್ಡ್ ಬಿಚ್ಚಿ, ಎಲ್ಲ ವೈರು ಹೊಸದು ಹಾಕಿ ಕೊಟ್ಟ ಮೇಲೂ ನಮ್ಮ ಗಾಡಿ ಬಿಸಿಯಾದಾಗ ‘ಟಕ್’ ಅನ್ನುತ್ತಿತ್ತು.

ನನಗೆ ಬೇಕಾದದ್ದು ಇಷ್ಟು. ಎಂಜಿನ್ ಬಿಸಿಯಾಗಿರುವಾಗ, ನನ್ನ ಎದುರಿಗೆ, ಪಾಸಿಟಿವ್ ಮತ್ತು ಅರ್ಥ್ ಎರಡೂ ಕಡೆ ವೋಲ್ಟೇಜ್ ಡ್ರಾಪ್ ನೋಡಿ ರೀಡಿಂಗನ್ನು ಜಾಬ್ ಕಾರ್ಡಿನಲ್ಲಿ ಬರೆಯಬೇಕು. ಅರ್ಥ್ ಪಟ್ಟಿ ಬದಲಾಯಿಸಿ, ಬೋಲ್ಟ್ ಕೂರುವ ಜಾಗವನ್ನು ಲೋಹ ಹೊಳೆಯುವ ತನಕ ಉಜ್ಜಿ, ಮತ್ತೆ ಅಳತೆ ಮಾಡಿ ತೋರಿಸಬೇಕು. ಇದಕ್ಕೆ ಕೂಲಿ ಕೊಡುವುದಿಲ್ಲ. ಆಲ್ಟರ್ನೇಟರ್ ಮತ್ತು ಅದನ್ನು ಕೂರಿಸಿದ ಕೂಲಿ ಪೂರ್ತಿ ವಾಪಸ್ ಬೇಕು. ನನ್ನ ಹಳೇ ಆಲ್ಟರ್ನೇಟರ್ ಇನ್ನೂ ನಿಮ್ಮಲ್ಲಿದ್ದರೆ ಅದನ್ನೇ ಮತ್ತೆ ಹಾಕಿ, ಹೊಸದನ್ನು ನೀವೇ ಇಟ್ಟುಕೊಳ್ಳಿ. ಹಳೇ ಬ್ಯಾಟರಿ ತೋರಿಸಿ, ನನ್ನ ಮುಂದೆ ಲೋಡ್ ಟೆಸ್ಟ್ ಮಾಡಿ. ಸೋತರೆ ಬ್ಯಾಟರಿ ದುಡ್ಡಿನ ಮಾತು ಎತ್ತುವುದಿಲ್ಲ. ಪಾಸಾದರೆ, ಅಥವಾ ಅದು ಈಗ ನಿಮ್ಮಲ್ಲಿ ಇಲ್ಲ ಅಂದರೆ, ಅದೂ ವಾಪಸ್ ಬರಬೇಕು. ಸ್ಕ್ಯಾನರ್‌ನಲ್ಲಿ ಉಳಿದಿರುವ ಹಳೇ ರಿಪೋರ್ಟುಗಳ ಪ್ರತಿ ಕೊಡಿ.

ಪಟ್ಟಿಯನ್ನು ನಾನೇ ಬದಲಾಯಿಸಬಹುದಿತ್ತು, ಎರಡು ಬೋಲ್ಟಿನ ಕೆಲಸ. ನೀವು ಕಣ್ಣಾರೆ ನೋಡಲಿ ಅಂತಲೇ ಹಾಗೇ ಬಿಟ್ಟಿದ್ದೇನೆ. ಅಲ್ಲಿಯ ತನಕ ಡಿಕ್ಕಿಯಲ್ಲಿ ಬೂಸ್ಟರ್ ಕೇಬಲ್ ಇಟ್ಟುಕೊಂಡೇ ಓಡಾಡುತ್ತಿದ್ದೇವೆ. ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ, ಫೋನಿನಲ್ಲಿ ಬೇಡ. ಬಾರದಿದ್ದರೆ ಬಿಲ್ಲು, ಫೋಟೋ, ರೀಡಿಂಗ್ ಎಲ್ಲವನ್ನೂ ಈ ಪತ್ರದ ಜೊತೆ ನಿಮ್ಮ ಕಂಪನಿಯ ಮುಖ್ಯ ಕಚೇರಿಗೂ, ಗ್ರಾಹಕರ ದೂರು ವಿಚಾರಣೆ ಮಾಡುವವರಿಗೂ ಕಳಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಜಾಬ್ ಕಾರ್ಡುಗಳ ಪ್ರತಿ, ಬ್ಯಾಟರಿ ಮತ್ತು ಆಲ್ಟರ್ನೇಟರ್ ಬಿಲ್ಲು, ಕೋಡ್ ಬರೆದ ಚೀಟಿಯ ಫೋಟೋ, ಅರ್ಥ್ ಪಟ್ಟಿಯ ಎರಡು ತುದಿಗಳ ಫೋಟೋ, ವೈರಿಂಗ್ ಎಸ್ಟಿಮೇಟ್